ಗಣಿಗುಂಡಿಯ ಲೆಕ್ಕ, ಲೇಸರಿನ ಪರೀಕ್ಷೆ

ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಬಹುದು. ಆದರೆ ಪರ್ಮಿಟ್ಟಿನಲ್ಲಿ ಒಂದು ತೂಕ ಬರೆದು ಲಾರಿಯಲ್ಲಿ ಇನ್ನೊಂದು ತೂಕ ಸಾಗಿಸಿದರೆ, ಅಥವಾ ಪರ್ಮಿಟ್ಟೇ ಇಲ್ಲದೆ ರಾತ್ರೋರಾತ್ರಿ ಸಾಗಿಸಿದರೆ, ಕೊನೆಗೆ ಉಳಿಯುವ ಸಾಕ್ಷಿ ನೆಲದಲ್ಲಿನ ಗುಂಡಿ ಮಾತ್ರ. ಎಷ್ಟು ಘನ ಮೀಟರ್ ಮಣ್ಣು, ಎಷ್ಟು ಅದಿರು ಹೊರಗೆ ಹೋಯಿತು ಎಂಬ ಲೆಕ್ಕವೆಲ್ಲ ಆ ಗುಂಡಿಯ ಆಕಾರದಲ್ಲೇ ಇದೆ. ಅದನ್ನು ಸರಿಯಾಗಿ ಅಳೆಯಬೇಕು, ಅಷ್ಟೆ. ಆ ‘ಅಷ್ಟೆ’ಯ ಒಳಗೆ ಎಷ್ಟೊಂದು ಕಷ್ಟ ಅಡಗಿದೆ ಎಂಬುದೇ ಈ ಲೇಖನದ ವಿಷಯ.

ಗಣಿ ಅಳೆಯಲು ಈಗ ಹೊಸ ಸಾಧನ ಬಂದಿದೆ. ಜೀಪಿನ ತಲೆಯ ಮೇಲೆ ಲೇಸರ್ ಸ್ಕ್ಯಾನರ್ ಕೂರಿಸಿ ಗಣಿಯ ರಸ್ತೆಗಳಲ್ಲಿ ಓಡಿಸಿದರೆ ಸಾಕು. ಸರ್ವೆಯ ತಂಡವೊಂದು ದಿನಗಟ್ಟಲೆ ಅಳೆಯುವುದನ್ನು ಅದು ಕೆಲವೇ ಗಂಟೆಗಳಲ್ಲಿ ಅಳೆದು ಕೋಟಿಗಟ್ಟಲೆ ಬಿಂದುಗಳಾಗಿ ಕೊಡುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಗಣಿಯ ಒಂದೊಂದು ಮೆಟ್ಟಿಲು, ಒಂದೊಂದು ಬಂಡೆ ಎದ್ದು ನಿಲ್ಲುತ್ತದೆ. ನೋಡಿದವರು ಬೆರಗಾಗುತ್ತಾರೆ. ಆದರೆ ಚಿತ್ರ ಚೆನ್ನಾಗಿದ್ದ ಮಾತ್ರಕ್ಕೆ ಅಳತೆ ಸರಿ ಎಂದಲ್ಲ. ನಯವಾದ ಡಾಂಬರು ರಸ್ತೆಯಲ್ಲಿ ಸೈ ಎನಿಸಿಕೊಂಡ ಯಂತ್ರ ಹಳ್ಳ ದಿಣ್ಣೆಗಳ ಗಣಿನೆಲದಲ್ಲಿ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಆ ನೆಲದಲ್ಲೇ ಪರೀಕ್ಷಿಸಬೇಕು.

ಗೋವಿನಕೋವಿಯಂಥ ಊರಿನ ಓದುಗರಿಗೆ ಇದರ ಗೊಡವೆ ಏಕೆ ಎಂದರೆ, ನಮ್ಮ ಸುತ್ತಲೂ ಅಗೆತವೇ ಇದೆ. ಹೊನ್ನಾಳಿ, ನ್ಯಾಮತಿಯ ಮಗ್ಗುಲಲ್ಲಿ ತುಂಗಭದ್ರೆಯ ಮರಳು. ನ್ಯಾಮತಿ ಸೀಮೆಯ ಪಲವನಹಳ್ಳಿ, ಕುದುರೆಕೊಂಡದಲ್ಲಿ ಬ್ರಿಟಿಷರ ಕಾಲದಲ್ಲಿ ಚಿನ್ನ ಅರಸಿ ತೋಡಿದ ಹಳೆಯ ಗಣಿಗಳು. ಚನ್ನಗಿರಿಯ ಗಡಿ ದಾಟಿದರೆ ಹೊಳಲ್ಕೆರೆ. ಅಲ್ಲಿಂದಾಚೆ ಭೀಮಸಮುದ್ರದ ಕಡೆಯ ಕಬ್ಬಿಣದ ಅದಿರು, ತೋಟಗಳ ಮೇಲೆ ಕೂರುವ ಕೆಂಪು ಧೂಳು. ಜಗಳೂರಿನ ಆಚೆ ಕೂಡ್ಲಿಗಿ, ಅದರಾಚೆ ಸಂಡೂರು. ಈ ನಾಡಿನ ಅತಿ ದೊಡ್ಡ ಅಕ್ರಮ ಬಯಲಾದದ್ದು ಸಂಡೂರಿನ ಆ ಬೆಟ್ಟಸಾಲಿನಲ್ಲೇ, ಅದೂ ಸರ್ವೆಯ ಬಲದಿಂದ.

ಸರ್ವೆಯೇ ತೀರ್ಪಿನ ಬುನಾದಿ

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2008ರ ಡಿಸೆಂಬರಿನಲ್ಲಿ ಗಣಿ ಅಕ್ರಮದ ಮೊದಲ ವರದಿ ಕೊಟ್ಟರು, 2011ರ ಜುಲೈ 27ರಂದು ಎರಡನೆಯದು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಕಾಗದದ ಲೆಕ್ಕವನ್ನು ನೆಲದ ಲೆಕ್ಕದ ಜೊತೆ ಇಟ್ಟು ನೋಡಿದ್ದರಿಂದ ಆ ವರದಿಗೆ ತೂಕ ಬಂತು. 2006ರಿಂದ 2010ರ ನಡುವೆ ಅಕ್ರಮವಾಗಿ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್, ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ವರದಿ ಹೇಳಿತು.

ಅಷ್ಟರಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿತ್ತು. ಕೋರ್ಟಿನ ಆದೇಶದಂತೆ 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಂತಿತು. ನಿಲ್ಲಿಸಿದ ಮೇಲೆ ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂದು ಬೇರ್ಪಡಿಸಬೇಕಲ್ಲ? ಅದಕ್ಕೆ ಜಂಟಿ ತಂಡವೊಂದು ಗುತ್ತಿಗೆಗಳ ಗಡಿಯನ್ನು ಒಂದೊಂದಾಗಿ ಅಳೆಯಿತು. ಕೋನವನ್ನೂ ದೂರವನ್ನೂ ಅಳೆಯುವ ಟೋಟಲ್ ಸ್ಟೇಷನ್, ಜಿಪಿಎಸ್ ಉಪಕರಣಗಳು ಮತ್ತು ಉಪಗ್ರಹ ಚಿತ್ರಗಳು ಅದರ ಸಾಧನಗಳು. ಗುತ್ತಿಗೆಯ ಗಡಿಯ ಹೊರಗೆ ಎಷ್ಟು ಅಗೆದಿದ್ದಾರೆ, ಎಷ್ಟು ಜಾಗದಲ್ಲಿ ಡಂಪ್, ಅಂದರೆ ತ್ಯಾಜ್ಯ ಮಣ್ಣಿನ ರಾಶಿ, ಸುರಿದಿದ್ದಾರೆ ಎಂಬುದರ ಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿ 166 ಗುತ್ತಿಗೆಗಳನ್ನು ಮೂರು ವರ್ಗ ಮಾಡಿತು. ‘ಎ’ ವರ್ಗಕ್ಕೆ 45, ‘ಬಿ’ ವರ್ಗಕ್ಕೆ 72, ‘ಸಿ’ ವರ್ಗಕ್ಕೆ 49. ಹೊರಗಿನ ಅಗೆತ ಗುತ್ತಿಗೆ ವಿಸ್ತೀರ್ಣದ ಶೇ 10ರ ಒಳಗಿದ್ದರೆ ‘ಬಿ’, ಅದಕ್ಕಿಂತ ಹೆಚ್ಚಿದ್ದರೆ ‘ಸಿ’. ಡಂಪಿಗೆ ಆ ಗೆರೆ ಶೇ 15. 2013ರ ಏಪ್ರಿಲ್ 18ರಂದು ‘ಸಿ’ ವರ್ಗದ ಗುತ್ತಿಗೆಗಳೆಲ್ಲ ರದ್ದಾದವು. ಶೇ 10 ಎಂಬ ಗೆರೆಯ ಈಚೆಗಿದ್ದರೆ ದಂಡ ಕಟ್ಟಿ ಗಣಿ ಉಳಿಸಿಕೊಳ್ಳಬಹುದು, ಆಚೆಗಿದ್ದರೆ ಗಣಿಯೇ ಇಲ್ಲ. ಅಳತೆಯ ಮೇಲೆ ಇಷ್ಟು ಭಾರ ಬಿದ್ದ ಇನ್ನೊಂದು ಪ್ರಕರಣ ಕರ್ನಾಟಕದಲ್ಲಿ ನನಗೆ ಕಾಣುವುದಿಲ್ಲ. ಗಣಿ ಮಾಲೀಕರು ಸರ್ವೆಯೇ ತಪ್ಪು ಎಂದು ವಾದಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನ್ಯಾಯಾಲಯ ಆ ವಾದ ಒಪ್ಪಲಿಲ್ಲ.

ಏಳು ಗುತ್ತಿಗೆಗಳನ್ನು ‘ಬಿ-1’ ಎಂದು ಬದಿಗಿಡಬೇಕಾಯಿತು. ಅವು ಕರ್ನಾಟಕ–ಆಂಧ್ರದ ಗಡಿಗೆ ಅಂಟಿಕೊಂಡಿದ್ದವು, ಆ ಗಡಿಯೇ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಗಡಿಕಲ್ಲುಗಳು ಮಾಯವಾಗಿದ್ದವು. ಗಡಿಗೆ ಗುರುತಾಗಿದ್ದ ತುಮಟಿಯ ಸುಗ್ಗಲಮ್ಮ ದೇವಿಯ ಗುಡಿಯನ್ನು 2006ರಲ್ಲೇ ಸಿಡಿಸಲಾಗಿತ್ತು. ಬಾಂದು ಕಲ್ಲು ಕಿತ್ತರೆ ಹೊಲದ ಜಗಳ ಎಷ್ಟು ತಲೆಮಾರು ನಡೆಯುತ್ತದೆಂದು ರೈತರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಎರಡು ರಾಜ್ಯಗಳ ಬಾಂದು ಕಲ್ಲನ್ನೇ ಕಿತ್ತಿದ್ದರು. ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದು ಗಡಿ ಗುರುತಿಸುವವರೆಗೆ ಆ ಏಳು ಗಣಿಗಳು ಕಾಯಬೇಕಾಯಿತು.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಗಣಿಯಲ್ಲಿ ಸೆಂಟಿಮೀಟರಿನ ಮಾತು ಎಂಜಿನಿಯರುಗಳ ಹವ್ಯಾಸವಲ್ಲ. ಅದು ರಾಜಧನದ, ಕಾಡಿನ, ದಂಡದ, ಕೆಲವೊಮ್ಮೆ ಜೈಲಿನ ಮಾತು.

ಓಡುವ ಜೀಪಿನಿಂದ ಅಳೆಯುವುದು

ಲೇಸರ್ ಸ್ಕ್ಯಾನರಿನ ಮೂಲತತ್ವ ಸರಳ. ಬೆಳಕಿನ ಒಂದು ಮಿಡಿತ ಕಳಿಸು, ಅದು ಬಂಡೆಗೆ ಬಡಿದು ಮರಳಿ ಬರಲು ಹಿಡಿದ ಸಮಯ ನೋಡು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, 30 ಸೆಂಟಿಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿ ಎರಡೂ ಸೇರಿರುವುದರಿಂದ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರದಲ್ಲಿ 15 ಸೆಂಟಿಮೀಟರ್ ತಪ್ಪು. ಇಂದಿನ ಉಪಕರಣಗಳು ಇದನ್ನು ಚೆನ್ನಾಗಿಯೇ ನಿಭಾಯಿಸುತ್ತವೆ. ಲೇಸರಿಗಿಂತ ಹೆಚ್ಚು ತೊಂದರೆ ಕೊಡುವುದು ಜೀಪು.

ಮುಕ್ಕಾಲಿಯ ಮೇಲೆ ಅಲುಗದೆ ನಿಂತ ಸ್ಕ್ಯಾನರಿಗೆ ತಾನೆಲ್ಲಿದ್ದೇನೆಂದು ಒಮ್ಮೆ ಗೊತ್ತಾದರೆ ಸಾಕು. ಓಡುವ ಜೀಪಿನ ಮೇಲಿನದಕ್ಕೆ ಪ್ರತಿ ಮಿಡಿತದ ಹೊತ್ತಿಗೂ ತಾನೆಲ್ಲಿದ್ದೇನೆ, ಯಾವ ಕಡೆಗೆ ಎಷ್ಟು ವಾಲಿದ್ದೇನೆ ಎಂದು ಗೊತ್ತಿರಬೇಕು. ಎಲ್ಲಿದ್ದೇನೆ ಎಂಬುದಕ್ಕೆ ಜಿಪಿಎಸ್ ಮತ್ತು ಅದರ ಜೊತೆಗಾರ ಉಪಗ್ರಹ ವ್ಯವಸ್ಥೆಗಳು. ಎಷ್ಟು ವಾಲಿದ್ದೇನೆ ಎಂಬುದಕ್ಕೆ ಜಡತ್ವ ಮಾಪಕ, ಎಂದರೆ ವೇಗದ ಏರಿಳಿತವನ್ನೂ ತಿರುಗುವಿಕೆಯನ್ನೂ ಸೆಕೆಂಡಿಗೆ ನೂರಾರು ಸಲ ಗ್ರಹಿಸುವ ಪೆಟ್ಟಿಗೆ. ಲೇಸರ್, ಉಪಗ್ರಹ ರಿಸೀವರ್, ಜಡತ್ವ ಮಾಪಕ, ಈ ಮೂರರ ಲೆಕ್ಕವನ್ನು ಒಂದೇ ಗಡಿಯಾರಕ್ಕೆ ಕಟ್ಟಿ ಸೇರಿಸಿದಾಗ ಒಂದು ಬಿಂದು ಹುಟ್ಟುತ್ತದೆ.

ಗಡಿಯಾರ ಸ್ವಲ್ಪ ಹೊಂದದಿದ್ದರೂ ಏನಾಗುತ್ತದೆ ನೋಡಿ. ಗಂಟೆಗೆ 18 ಕಿ.ಮೀ. ವೇಗದ ಜೀಪು ಸೆಕೆಂಡಿಗೆ 5 ಮೀಟರ್ ಸಾಗುತ್ತದೆ. ಸೆಕೆಂಡಿನ ನೂರನೇ ಒಂದು ಪಾಲು ವ್ಯತ್ಯಾಸವಾದರೆ ಇಡೀ ಗಣಿಯ ಚಿತ್ರ ದಾರಿಗುಂಟ 5 ಸೆಂಟಿಮೀಟರ್ ಜರುಗುತ್ತದೆ. ವಾಲಿಕೆಯ ಕೋನದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ತಪ್ಪಿದರೆ 50 ಮೀಟರ್ ಆಚೆಯ ಬಂಡೆ ಸುಮಾರು 9 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಸ್ಕ್ಯಾನರನ್ನು ಜೀಪಿಗೆ ಬಿಗಿದ ಬೋಲ್ಟು ಟಿಪ್ಪರುಗಳು ಕೆದರಿದ ರಸ್ತೆಯಲ್ಲಿ ಕುಲುಕಿ ಕುಲುಕಿ ಕೂದಲೆಳೆಯಷ್ಟು ಸಡಿಲವಾದರೂ ಇಂಥ ಕೋನ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಕಚೇರಿಯ ಅಂಗಳದಲ್ಲಿ ಬೆಳಿಗ್ಗೆ ಸರಿಮಾಡಿಕೊಂಡ ಯಂತ್ರ ಮಧ್ಯಾಹ್ನ ಗಣಿಯ ತಳದಲ್ಲಿ ಅದೇ ಯಂತ್ರವಾಗಿ ಉಳಿದಿದೆ ಎಂದು ನಂಬಬಾರದು.

ಗಣಿಯ ತಳಕ್ಕೆ ಇಳಿದಂತೆ ಇನ್ನೊಂದು ಸಂಕಟ. ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗೋಡೆಗಳು ಆಕಾಶವನ್ನು ಮುಚ್ಚುತ್ತವೆ, ಕಾಣುವ ಉಪಗ್ರಹಗಳು ಕಡಿಮೆಯಾಗುತ್ತವೆ. ಕಾಣುವ ಕೆಲವುಗಳ ಸಂಕೇತವೂ ಕಲ್ಲಿನ ಗೋಡೆಗೆ ಬಡಿದು ಬಳಸುದಾರಿಯಲ್ಲಿ ಬರುತ್ತದೆ. ಆಗ ಯಂತ್ರ ಜಡತ್ವ ಮಾಪಕವನ್ನೇ ನೆಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಹೆಜ್ಜೆ ಎಣಿಸುತ್ತ ಮನೆ ಸೇರುವವನಂತೆ ಸ್ವಲ್ಪ ದೂರ ಅದು ಸರಿಯಾಗಿಯೇ ನಡೆಸುತ್ತದೆ. ಆಮೇಲೆ ತಪ್ಪು ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಯಲಿನಲ್ಲಿ ಕೆಲವೇ ಸೆಂಟಿಮೀಟರ್ ತಪ್ಪುವ ವ್ಯವಸ್ಥೆ ಆಳದ ಗುಂಡಿಯಲ್ಲಿ ಗೇಣು, ಮೊಳದ ಲೆಕ್ಕಕ್ಕೆ ಬರುವುದು ಹೀಗೆ. ಬಲ್ಲ ತಂಡಗಳು ಕೆಲಸ ಶುರುಮಾಡುವ ಮೊದಲೂ ಮುಗಿದ ಮೇಲೂ ಬಯಲಲ್ಲಿ ಕೆಲವು ನಿಮಿಷ ಸುಮ್ಮನೆ ನಿಲ್ಲುತ್ತವೆ, ಎಂಟರ ಆಕಾರದಲ್ಲಿ ಜೀಪು ಸುತ್ತಿಸುತ್ತವೆ. ನೋಡುವವರಿಗೆ ಹೊತ್ತು ಕಳೆಯುತ್ತಿದ್ದಾರೆ ಎನಿಸಬಹುದು. ಆ ಸುತ್ತಾಟದಲ್ಲೇ ಮಾಪಕ ತನ್ನ ದಿಕ್ಕನ್ನು ಕಂಡುಕೊಳ್ಳುವುದು.

ಅದಿರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಸಂಡೂರಿನ ದೋಣಿಮಲೈ, ಕುಮಾರಸ್ವಾಮಿ ಬೆಟ್ಟಗಳ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು 860–880 ನ್ಯಾನೊಮೀಟರ್ ಆಸುಪಾಸಿನಲ್ಲಿ ಹೆಚ್ಚು ಹೀರುತ್ತದೆ. ವಾಹನಗಳ ಮೇಲಿನ ಬಹಳಷ್ಟು ಸ್ಕ್ಯಾನರುಗಳು 905 ನ್ಯಾನೊಮೀಟರಿನ ಲೇಸರ್ ಬಳಸುತ್ತವೆ, ಅಂದರೆ ಅಲ್ಲೇ ಪಕ್ಕದಲ್ಲಿ. ಅದಿರಿನ ಗೋಡೆಯಿಂದ ಮರಳುವ ಬೆಳಕು ಸಪ್ಪೆ, ದೂರ ಹೆಚ್ಚಿದಷ್ಟೂ ಬಿಂದುಗಳು ವಿರಳ. 1,550 ನ್ಯಾನೊಮೀಟರಿನ ಲೇಸರಿಗೆ ಆ ತೊಡಕು ಕಡಿಮೆ, ಆದರೆ ಒದ್ದೆ ನೆಲ ಅದನ್ನು ಇನ್ನೂ ಹೆಚ್ಚು ನುಂಗುತ್ತದೆ. ಧೂಳೆದ್ದರೆ ಧೂಳಿನ ಕಣವೇ ನೆಲವೆಂದು ದಾಖಲಾಗುತ್ತದೆ. ಗುಂಡಿಯಲ್ಲಿ ನಿಂತ ಮಳೆನೀರು ಬೆಳಕನ್ನು ಕನ್ನಡಿಯಂತೆ ಬೇರೆಡೆಗೆ ಹೊರಳಿಸಿ ಅಲ್ಲೊಂದು ಖಾಲಿ ಜಾಗ ಬಿಡುತ್ತದೆ. ಕೆಳಗಿನ ರಸ್ತೆಯಲ್ಲಿ ಓಡುವ ಜೀಪಿಗೆ ಮೇಲಿನ ಮೆಟ್ಟಿಲಿನ ನೆತ್ತಿ ಕಾಣುವುದೇ ಇಲ್ಲ. ಆ ಮರೆಯನ್ನು ಸಾಫ್ಟ್‌ವೇರು ತನ್ನ ಊಹೆಯಿಂದ ತುಂಬುತ್ತದೆ. ತುಂಬಿದ್ದು ಎಲ್ಲಿ, ಅಳೆದದ್ದು ಎಲ್ಲಿ ಎಂದು ಚಿತ್ರ ನೋಡಿದವರಿಗೆ ತಿಳಿಯದು. ಡ್ರೋನಿಗೆ ಇದರ ತದ್ವಿರುದ್ಧ ಕೊರತೆ. ಅದು ನೆತ್ತಿಯನ್ನು ಚೆನ್ನಾಗಿ ಕಾಣುತ್ತದೆ, ಕಡಿದಾದ ಗೋಡೆಯನ್ನು ಅಲ್ಲ. ಎರಡನ್ನೂ ಸೇರಿಸಿ ಬಳಸುವುದು ಒಳ್ಳೆಯ ದಾರಿ.

ಇಳಿಜಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಮತಟ್ಟಿನಲ್ಲಿ ಬಿಂದುವೊಂದು ಅಡ್ಡಕ್ಕೆ 5 ಸೆಂಟಿಮೀಟರ್ ಜರುಗಿದರೆ ಎತ್ತರದಲ್ಲಿ ಏನೂ ಬದಲಾಗದು. 45 ಡಿಗ್ರಿಯ ಡಂಪಿನ ಇಳಿಜಾರಿನಲ್ಲಿ ಅದೇ ಜರುಗು ಎತ್ತರದಲ್ಲೂ 5 ಸೆಂಟಿಮೀಟರ್ ತಪ್ಪಾಗುತ್ತದೆ. ನಯವಾದ ರಸ್ತೆಯಲ್ಲಿ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟು ಗಣಿಗೆ ಒಗ್ಗುವುದಿಲ್ಲ ಎಂದು ನಾನು ಹಟಹಿಡಿದು ಹೇಳುವುದು ಇದಕ್ಕೇ.

ತಾಳೆ ನೋಡುವ ಬಗೆ

ಹಾಗಾದರೆ ಪರೀಕ್ಷೆ ಹೇಗೆ? ಇದಕ್ಕೆ ಇನ್ನೂರು ವರ್ಷದ ಹಿಂದೆ ನಮ್ಮ ನೆಲದಲ್ಲೇ ಒಳ್ಳೆಯ ಉದಾಹರಣೆ ನಡೆದಿದೆ. ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿಯಿಂದ ಆಧಾರ ರೇಖೆಯೊಂದನ್ನು ಅಳೆದರು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದರು. ಬೆಂಗಳೂರಿನ ಬಳಿ ಏಳು ಮೈಲಿಯಷ್ಟು ಉದ್ದದ ಒಂದು ಗೆರೆ ಎಷ್ಟಿರಬೇಕು ಎಂದು ತ್ರಿಕೋನಗಳು ಲೆಕ್ಕ ಕೊಟ್ಟಿದ್ದವು. ಅದನ್ನು ಅಷ್ಟಕ್ಕೇ ಒಪ್ಪದೆ 1804ರಲ್ಲಿ ಅದೇ ಗೆರೆಯನ್ನು ಸರಪಳಿ ಎಳೆದು ನೆಲದ ಮೇಲೆ ಹೊಸದಾಗಿ ಅಳೆಸಿದರು. ಅಳೆದವರು ಜಾನ್ ವಾರೆನ್. ಕೋಲಾರದ ಚಿನ್ನದ ಸುಳಿವು ಹಿಡಿದು 1802ರಲ್ಲಿ ಅಲ್ಲಿಗೆ ಹೋದವರೂ ಇವರೇ. ಲೆಕ್ಕಕ್ಕೂ ನೆಲದ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಆ ನಾಲ್ಕು ಅಂಗುಲದ ಸಾಧನೆಗಿಂತಲೂ ನನಗೆ ದೊಡ್ಡದೆನಿಸುವುದು ಅಳೆದು ನೋಡಿಯೇ ತೀರಬೇಕೆಂಬ ಆ ನಿರ್ಧಾರ.

ಲೇಸರ್ ಸ್ಕ್ಯಾನರಿಗೂ ಇದೇ ವಿಧಾನ. ಗಣಿಯಲ್ಲಿ ಅಲ್ಲಲ್ಲಿ ಕಪ್ಪು ಬಿಳುಪಿನ ಹಲಗೆಗಳನ್ನು ಭದ್ರವಾಗಿ ನೆಟ್ಟು, ಅವುಗಳ ಸ್ಥಾನವನ್ನು ಟೋಟಲ್ ಸ್ಟೇಷನ್ ಅಥವಾ ನಿಂತಲ್ಲೇ ಬಹಳ ಹೊತ್ತು ಓದುವ ಜಿಪಿಎಸ್ ಉಪಕರಣದಿಂದ ಬೇರೆಯಾಗಿ ಅಳೆಯುತ್ತಾರೆ. ಇವು ತಾಳೆ ಬಿಂದುಗಳು. ಆಮೇಲೆ ಜೀಪು ಓಡಿಸಿ, ಸ್ಕ್ಯಾನರು ಅದೇ ಹಲಗೆಯನ್ನು ಎಲ್ಲಿ ಕಂಡಿತು ಎಂದು ನೋಡುತ್ತಾರೆ. ಇಲ್ಲಿ ಮೀರಬಾರದ ನಿಯಮವೊಂದಿದೆ. ಸ್ಕ್ಯಾನರಿನ ಚಿತ್ರವನ್ನು ನೆಲಕ್ಕೆ ಹೊಂದಿಸಲು ಬಳಸಿದ ಆಧಾರ ಬಿಂದುಗಳನ್ನೇ ತಾಳೆಗೂ ಬಳಸಕೂಡದು. ಬಳಸಿದರೆ ಫಲಿತಾಂಶ ಯಾವಾಗಲೂ ಸೊಗಸಾಗಿರುತ್ತದೆ, ಪರೀಕ್ಷೆಯೇ ನಡೆದಿರುವುದಿಲ್ಲ. ಅಮೆರಿಕದ ಎಎಸ್‌ಪಿಆರ್‌ಎಸ್ ಸಂಘದ ಮಾನದಂಡವನ್ನು ಜಗತ್ತಿನ ಹಲವು ಸರ್ವೇಯರುಗಳು ನೋಡುತ್ತಾರೆ. 2014ರ ಆವೃತ್ತಿ ಕನಿಷ್ಠ 20 ತಾಳೆ ಬಿಂದು ಕೇಳುತ್ತಿತ್ತು, 2023ರ ಆವೃತ್ತಿ ಅದನ್ನು 30ಕ್ಕೆ ಏರಿಸಿತು.

ಎಷ್ಟು ಬಿಂದು ಎಂಬಷ್ಟೇ ಮುಖ್ಯ, ಎಲ್ಲಿ ಎಂಬುದು. ಮೂವತ್ತನ್ನೂ ರಸ್ತೆಯ ಬದಿಯಲ್ಲೇ ನೆಟ್ಟರೆ ಜೀಪಿಗೆ ಹತ್ತಿರದ ನೆಲವನ್ನಷ್ಟೇ ಪರೀಕ್ಷಿಸಿದ ಹಾಗಾಯಿತು. ತಳದ ಮೂಲೆಯಲ್ಲಿ, ದೂರದ ಮೇಲಿನ ಮೆಟ್ಟಿಲಲ್ಲಿ, ಡಂಪಿನ ಇಳಿಜಾರಿನಲ್ಲಿ, ಉಪಗ್ರಹ ಸಿಗದ ತಿರುವಿನಲ್ಲಿ ಇರಬೇಕು. ಉಬ್ಬುತಗ್ಗಿನ ಕಲ್ಲುನೆಲದಲ್ಲಿ ಒಂದೇ ಬಿಂದುವನ್ನು ಎರಡು ಉಪಕರಣಗಳು ಹುಡುಕುವುದು ಕಷ್ಟ. ಟೋಟಲ್ ಸ್ಟೇಷನ್ ಹಿಡಿದವರ ಕೋಲು ಕಲ್ಲಿನ ಮೇಲಿರುತ್ತದೆ, ಲೇಸರ್ ಪಕ್ಕದ ಸಂದಿಗೆ ಬಿದ್ದಿರುತ್ತದೆ. ಅದಕ್ಕೆ ಹಲಗೆ, ಗೋಲ, ಅಥವಾ ಒಂದೆರಡು ಮೀಟರಿನ ಸಮತಟ್ಟು ಪಟ್ಟಿಗಳನ್ನು ಬಳಸುತ್ತಾರೆ. ಇದರ ಜೊತೆಗೆ ಒಂದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ಮರಳಿ, ಎರಡು ಚಿತ್ರಗಳ ಗೋಡೆಗಳು ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡುವುದುಂಟು. ಒಳ್ಳೆಯ ಅಭ್ಯಾಸ. ಆದರೆ ಎರಡೂ ಸೇರಿ ಒಂದೇ ಕಡೆಗೆ ತಪ್ಪಿದ್ದರೆ ಈ ನೋಟಕ್ಕೆ ಅದು ಸಿಕ್ಕುವುದಿಲ್ಲ.

ಫಲಿತಾಂಶ ಬಂದ ಮೇಲೆ ಅದನ್ನು ಓದುವುದರಲ್ಲೂ ಎಚ್ಚರ ಬೇಕು. ತಿಳಿವಳಿಕೆಗಾಗಿ ಎರಡು ಸರ್ವೆಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಐದು ಬಿಂದುಗಳ ಎತ್ತರದ ತಪ್ಪು +4, +6, +5, +3, +7 ಸೆಂಟಿಮೀಟರ್. ಎರಡನೆಯದರಲ್ಲಿ –6, +5, –4, +6, –1. ವರದಿಗಳಲ್ಲಿ ಸಾಮಾನ್ಯವಾಗಿ ಬರೆಯುವ ಆರ್‌ಎಂಎಸ್ ತಪ್ಪು, ಅಂದರೆ ತಪ್ಪುಗಳ ವರ್ಗಗಳ ಸರಾಸರಿಯ ವರ್ಗಮೂಲ, ಮೊದಲನೆಯದಕ್ಕೆ 5.2, ಎರಡನೆಯದಕ್ಕೆ 4.8. ಹೆಚ್ಚುಕಡಿಮೆ ಒಂದೇ ಎಂದು ಅಧಿಕಾರಿ ಎರಡಕ್ಕೂ ಸಹಿ ಹಾಕಬಹುದು. ಎರಡನೆಯ ಸರ್ವೆಯಲ್ಲಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸರಾಸರಿ ಸೊನ್ನೆಗೆ ಬರುತ್ತದೆ. ಮೊದಲನೆಯದು ಇಡೀ ನೆಲವನ್ನು 5 ಸೆಂಟಿಮೀಟರ್ ಮೇಲಕ್ಕೆತ್ತಿದೆ. 10 ಹೆಕ್ಟೇರಿನ ಗಣಿಯಲ್ಲಿ ಅದು 5,000 ಘನ ಮೀಟರ್. ಘನ ಮೀಟರಿಗೆ ಎರಡೂವರೆ ಟನ್ನಿನಂತೆ ಹಿಡಿದರೆ 12,500 ಟನ್ ಅದಿರು ಕಾಗದದ ಮೇಲೆ ಹುಟ್ಟಿತು ಅಥವಾ ಕಾಣೆಯಾಯಿತು. ಆದ್ದರಿಂದ ಆರ್‌ಎಂಎಸ್ ಒಂದನ್ನೇ ಬರೆದ ವರದಿ ಅರ್ಧ ವರದಿ. ಸರಾಸರಿ ತಪ್ಪನ್ನು ಬೇರೆಯಾಗಿ, ಅದರ ಚಿಹ್ನೆಯ ಸಮೇತ ಬರೆಯಬೇಕು.

ಎತ್ತರ ಯಾವ ಮಟ್ಟದಿಂದ ಎಂಬುದನ್ನೂ ಹೇಳಬೇಕು. ಜಿಪಿಎಸ್ ಹೇಳುವ ಎತ್ತರ ಗಣಿತದ ಒಂದು ಅಂಡಗೋಲದಿಂದ ಲೆಕ್ಕವಾದದ್ದು. ಬೆಂಗಳೂರಿನ ಸುತ್ತ ಅದಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 80 ಮೀಟರಿಗೂ ಹೆಚ್ಚು ಅಂತರವಿದೆ. ಅಡ್ಡ ಅಳತೆಯಲ್ಲೂ ಹಾಗೆಯೇ. ಹಳೆಯ ನಕಾಶೆಗಳು ‘ಎವರೆಸ್ಟ್’ ಎಂಬ ಅಂಡಗೋಲದ ಮೇಲೆ ನಿಂತಿವೆ, ಇಂದಿನ ಉಪಕರಣ ಬೇರೆ ಗೋಲದ ಮೇಲೆ. ಹಳೆಯ ಅಕ್ಷಾಂಶ ರೇಖಾಂಶಗಳನ್ನು ಮಾರ್ಪಡಿಸದೆ ಹೊಸ ಉಪಕರಣಕ್ಕೆ ಕೊಟ್ಟರೆ ನಮ್ಮ ಸೀಮೆಯಲ್ಲಿ ಗಡಿ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ರಾಜ್ಯದಲ್ಲಿ ನೆಲೆಗೊಳಿಸಿರುವ ‘ಕಾರ್ಸ್’ ಎಂಬ ಆಧಾರ ಕೇಂದ್ರಗಳ ಜಾಲ ಇಂಥ ಗೊಂದಲವನ್ನು ಬಹಳ ಮಟ್ಟಿಗೆ ತಗ್ಗಿಸಬಲ್ಲದು, ಎಲ್ಲರೂ ಅದಕ್ಕೇ ಕಟ್ಟುಬಿದ್ದು ಅಳೆದರೆ.

ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2021ರ ನವೆಂಬರಿನಲ್ಲಿ ಬಂದ ತಿದ್ದುಪಡಿಯಂತೆ, ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯ, ಇಲ್ಲವೇ 50 ಹೆಕ್ಟೇರ್ ಮತ್ತು ಮೇಲಿನ ಗುತ್ತಿಗೆಗಳು ಪ್ರತಿವರ್ಷ ಡ್ರೋನ್ ಸರ್ವೆಯ ಚಿತ್ರಗಳನ್ನು ಭಾರತೀಯ ಗಣಿ ಬ್ಯೂರೊಗೆ ಸಲ್ಲಿಸಬೇಕು, ಅದೂ ಗಡಿಯಿಂದ 100 ಮೀಟರ್ ಹೊರಗಿನವರೆಗೆ. 2011ರ ಪಾಠ ಆ 100 ಮೀಟರಿನಲ್ಲಿದೆ. ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಬಳ್ಳಾರಿಯ ಅದಿರು ಉತ್ಪಾದನೆಯ ವಾರ್ಷಿಕ ಮಿತಿಯನ್ನು 2.8 ಕೋಟಿಯಿಂದ 3.5 ಕೋಟಿ ಟನ್ನಿಗೂ, ಚಿತ್ರದುರ್ಗ–ತುಮಕೂರಿನ ಮಿತಿಯನ್ನು 70 ಲಕ್ಷದಿಂದ 1.5 ಕೋಟಿ ಟನ್ನಿಗೂ ಏರಿಸಿದೆ. ಅಗೆತ ಹೆಚ್ಚಿದಂತೆ ಅಳತೆಯ ಹೊಣೆಯೂ ಹೆಚ್ಚಬೇಕು. ಡ್ರೋನಾಗಲಿ ಜೀಪಾಗಲಿ, ಚಿತ್ರದ ಜೊತೆ ತಾಳೆ ಬಿಂದುಗಳ ಪಟ್ಟಿಯೂ ಕಡ್ಡಾಯವಾಗಿ ಬರಬೇಕು, ಆ ತಾಳೆಯನ್ನು ಗಣಿ ಕಂಪನಿ ನೇಮಿಸಿದವರಲ್ಲದೆ ಬೇರೆಯವರು ನೋಡಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವೇ ಇದೆ. ಇಂಥ ಕೆಲಸಕ್ಕೆ ಜನರಿಲ್ಲ ಎನ್ನುವಂತಿಲ್ಲ.

ಹೊಳೆ ತಾರದ ಮರಳು

ಈಗ ನಮ್ಮ ತುಂಗಭದ್ರೆಗೆ ಬರೋಣ. ಮರಳು ತೆಗೆಯುವುದಕ್ಕೆ ಕೇಂದ್ರ ಪರಿಸರ ಸಚಿವಾಲಯದ 2016 ಮತ್ತು 2020ರ ಮಾರ್ಗಸೂಚಿಗಳಿವೆ. ಮೂರು ಮೀಟರಿಗಿಂತ ಆಳಕ್ಕೆ ಇಳಿಯಬಾರದು, ಅದಕ್ಕೂ ಮೊದಲೇ ನೀರು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪಾತ್ರವನ್ನು ಅಳೆದು, ಹೊಳೆ ಎಷ್ಟು ಮರಳು ತಂದು ತುಂಬಿದೆ ಎಂದು ನೋಡಿ ಅದರ ಮೇಲೆ ಪರವಾನಗಿ ನಿರ್ಧರಿಸಬೇಕು. ತತ್ವ ಬಹಳ ಚೆನ್ನಾಗಿದೆ. ಹೊಳೆ ಕೊಟ್ಟಷ್ಟರಲ್ಲೇ ನಾವು ತೆಗೆಯಬೇಕು.

ಆದರೆ ಇದು ಎರಡು ಅಳತೆಗಳ ನಡುವಿನ ಕಳೆಯುವ ಲೆಕ್ಕ, ಎರಡರ ತಪ್ಪೂ ಅದರಲ್ಲಿ ಸೇರುತ್ತದೆ. ಮಳೆಗೆ ಮೊದಲಿನ ಸರ್ವೆ ಪಾತ್ರವನ್ನು 5 ಸೆಂಟಿಮೀಟರ್ ತಗ್ಗಾಗಿ, ನಂತರದ್ದು 5 ಸೆಂಟಿಮೀಟರ್ ಎತ್ತರವಾಗಿ ತೋರಿಸಿದರೆ, ಹೊಳೆ ತಾರದ 10 ಸೆಂಟಿಮೀಟರ್ ಮರಳು ಕಾಗದದ ಮೇಲೆ ಬಂದು ಕೂರುತ್ತದೆ. 5 ಹೆಕ್ಟೇರಿನ ಮರಳು ಬ್ಲಾಕಿನಲ್ಲಿ ಅದು 5,000 ಘನ ಮೀಟರ್, 10 ಘನ ಮೀಟರ್ ಹಿಡಿಸುವ 500 ಟಿಪ್ಪರ್ ಲೋಡು. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಆದರೂ ಅಷ್ಟು ಮರಳು ಹೊಳೆಯ ಅಸಲಿನಿಂದ ಹೋಗುತ್ತದೆ. ದಂಡೆ ಕುಸಿಯುವುದು, ಬೇಸಿಗೆಯಲ್ಲಿ ಹೊಳೆಬದಿಯ ಬಾವಿ, ಬೋರುಗಳ ನೀರು ಇಳಿಯುವುದು ಇದರ ಫಲ. ಅಡಿಕೆ ತೋಟ, ಭತ್ತದ ಗದ್ದೆ ಮಾಡಿಕೊಂಡವರು ಅದನ್ನು ಅನುಭವಿಸಬೇಕು.

ಹೊಳೆಯ ಪಾತ್ರ ಗಣಿಗುಂಡಿಯಷ್ಟು ಕಡಿದಾಗಿಲ್ಲ, ಆಕಾಶ ತೆರೆದಿದೆ, ಉಪಗ್ರಹಗಳಿಗೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಜೀಪೋ ಟ್ರ್ಯಾಕ್ಟರೋ ಮರಳಿನ ಮೇಲೆ ಓಡಬಲ್ಲದು. ಕಷ್ಟಗಳು ಬೇರೆ ಬಗೆಯವು. ಮೆತ್ತಗಿನ ಮರಳಿನಲ್ಲಿ ಚಕ್ರ ಹೂತು ವಾಹನ ಒಂದು ಬದಿಗೆ ವಾಲುತ್ತದೆ. ಒದ್ದೆ ಮರಳು ಬೆಳಕನ್ನು ನುಂಗುತ್ತದೆ, ನೀರಿನ ಅಡಿಯ ಪಾತ್ರ ಈ ಲೇಸರುಗಳಿಗೆ ಕಾಣುವುದೇ ಇಲ್ಲ. ಜಾಲಿ, ಆಪು ಬೆಳೆದಲ್ಲಿ ಗಿಡದ ತಲೆಯೇ ನೆಲವಾಗಿ ದಾಖಲಾಗಬಹುದು. ಮುಖ್ಯವಾಗಿ, ಮಳೆಗೆ ಮೊದಲು ಮತ್ತು ನಂತರ ಎರಡೂ ಸಲ ಅಲುಗದ ಅದೇ ಗುರುತುಗಳಿಗೆ, ಅಂದರೆ ಸೇತುವೆಯ ಕಂಬ, ದೇವಸ್ಥಾನದ ಕಟ್ಟೆ, ದಂಡೆಯ ಮೇಲಿನ ಬಂಡೆಗೆ ತಾಳೆ ನೋಡಬೇಕು. ಪ್ರವಾಹ ಬಂದು ಹೋದ ಪಾತ್ರದೊಳಗಿನ ಗುರುತು ಯಾವುದೂ ನಂಬಿಕೆಗೆ ಬಾರದು.

ಓದುಗರಲ್ಲಿ ನನ್ನದೊಂದು ಕೋರಿಕೆ. ಪರಿಸರ ಸಚಿವಾಲಯದ 2016ರ ಜನವರಿಯ ಅಧಿಸೂಚನೆಯಂತೆ, ಮರಳು ಗಣಿಗಾರಿಕೆಗೆ ಆಧಾರವಾಗುವ ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲೆಯ ವೆಬ್‌ಸೈಟಿನಲ್ಲೂ 21 ದಿನ ಸಾರ್ವಜನಿಕರ ಮುಂದಿಡಬೇಕು. ಆ ದಿನಗಳಲ್ಲಿ ಗೋವಿನಕೋವಿಯವರು, ಹೊನ್ನಾಳಿ, ನ್ಯಾಮತಿಯ ಹೊಳೆಬದಿಯ ಊರಿನವರು, ಪಂಚಾಯಿತಿಯ ಸದಸ್ಯರು ಕಚೇರಿಗೆ ಹೋಗಿ ಆ ವರದಿ ನೋಡಿ, ನಾಲ್ಕು ಪ್ರಶ್ನೆಗಳನ್ನು ಬರೆದು ಕೊಡಿ. ನಮ್ಮ ಮರಳು ಬ್ಲಾಕನ್ನು ಯಾವ ಉಪಕರಣದಿಂದ ಅಳೆದಿರಿ? ಎಷ್ಟು ತಾಳೆ ಬಿಂದುಗಳಿದ್ದವು, ಎಲ್ಲೆಲ್ಲಿ? ಅವನ್ನು ಅಳೆದವರು ಯಾರು? ಸರಾಸರಿ ತಪ್ಪು ಎಷ್ಟು, ಮೇಲಕ್ಕೋ ಕೆಳಕ್ಕೋ? ಉತ್ತರ ಲಿಖಿತವಾಗಿ ಬರುವವರೆಗೆ ಆ ವರದಿಗೆ ಒಪ್ಪಿಗೆ ಸೂಚಿಸಬೇಡಿ.